ಬರೀ ನೆಗಡಿ ಅಂತ ಬಿಟ್ಟ ಮೂಗು

ಮೆಕ್ಕೆಜೋಳದ ಸುಗ್ಗಿ ಬಂತೆಂದರೆ ದಾವಣಗೆರೆ ಸುತ್ತಲಿನ ಅರ್ಧ ರಸ್ತೆ ಕಣವಾಗುತ್ತದೆ. ಸರ್ವಿಸ್ ರೋಡು, ಹಳ್ಳಿಯ ಡಾಂಬರು ರಸ್ತೆ, ಖಾಲಿ ಸೈಟು, ಎಲ್ಲಿ ಜಾಗ ಸಿಕ್ಕರೆ ಅಲ್ಲಿ ಹಳದಿ ಕಾಳು ಹರವಿರುತ್ತಾರೆ. ಎಪಿಎಂಸಿ ಯಾರ್ಡಿನಲ್ಲಿ ಚೀಲ ಸುರಿದಾಗೆಲ್ಲ ಧೂಳು ಎದ್ದು ಹಮಾಲರ ತಲೆಯ ಮೇಲೆ ಕೂರುತ್ತದೆ. ಆ ದಿನಗಳಲ್ಲಿ ನಮ್ಮ ಮೆಡಿಕಲ್ ಶಾಪಿನ ಕೌಂಟರಿನಲ್ಲಿ ಬೆಳಿಗ್ಗೆಯಿಂದ ರಾತ್ರಿಯವರೆಗೆ ಒಂದೇ ಮಾತು.

"ಅಣ್ಣಾ, ನೆಗಡಿಗೆ ಎರಡು ಮಾತ್ರೆ ಕೊಡ್ರಿ. ಹಂಗೇ ಮೂಗಿನ ಡ್ರಾಪ್ಸೂ ಇರ್ಲಿ."

"ಎಷ್ಟು ದಿನದಿಂದ ಐತಿ?"

"ಅದು ಇದ್ದಿದ್ದೇ ಬಿಡ್ರಿ, ವರ್ಷಾ ಬರುತ್ತೆ. ನೆಗಡಿಗೆಲ್ಲ ಯಾರು ಆಸ್ಪತ್ರೆಗೆ ಹೋಗ್ತಾರೆ?"

ಪ್ರತಿ ವರ್ಷ ಬರುವುದು, ಬಂದರೆ ತಿಂಗಳುಗಟ್ಟಲೆ ಇರುವುದು, ಜ್ವರವಿಲ್ಲದೆ ಸೀನಿ ಸೀನಿ ಸುಸ್ತಾಗಿಸುವುದು. ಇದು ನೆಗಡಿಯಲ್ಲ ಎಂದು ಹೇಳುವಷ್ಟರಲ್ಲಿ ಗಿರಾಕಿ ಮಾತ್ರೆ ಜೇಬಿಗಿಳಿಸಿ ಬೈಕು ಹತ್ತಿರುತ್ತಾನೆ. ಅವನಿಗೆ ಕೌಂಟರಿನ ಮೇಲೆ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

"ಮದ್ದು ಮಾಡಿದರೆ ಏಳು ದಿನ, ಬಿಟ್ಟರೆ ಒಂದು ವಾರ" ಅಂತ ನಮ್ಮ ಹಿರಿಯರು ನೆಗಡಿಯ ಬಗ್ಗೆ ಹೇಳಿದ್ದು ಸುಳ್ಳಲ್ಲ. ವೈರಸ್ಸಿನಿಂದ ಬರುವ ನೆಗಡಿಗೆ ಅದು ನಿಜ. ಗಂಟಲು ಕೆರೆತ, ಮೈಕೈ ನೋವು, ಒಂದಿಷ್ಟು ಜ್ವರ, ಮೊದಲು ನೀರಾಗಿ ಆಮೇಲೆ ದಪ್ಪಗಾಗುವ ಸಿಂಬಳ, ಏಳೆಂಟು ದಿನದಲ್ಲಿ ತಾನಾಗಿ ಹೋಗುತ್ತದೆ. ಮೂಗಿನ ಅಲರ್ಜಿಯ ನಡೆಯೇ ಬೇರೆ. ಬೆಳಿಗ್ಗೆ ಎದ್ದ ಕೂಡಲೇ ಸಾಲಾಗಿ ಹತ್ತು ಹದಿನೈದು ಸೀನು. ನಲ್ಲಿ ಬಿಟ್ಟ ಹಾಗೆ ತಿಳಿನೀರು. ಮೂಗಿನ ಒಳಗೆ, ಅಂಗುಳಲ್ಲಿ, ಕಣ್ಣಿನ ಮೂಲೆಯಲ್ಲಿ ತುರಿಕೆ. ರಾತ್ರಿ ಮಲಗಿದರೆ ಮೂಗು ಕಟ್ಟಿ ಬಾಯಿಂದ ಉಸಿರು. ಈ ತುರಿಕೆ ಎನ್ನುವುದೇ ದೊಡ್ಡ ಗುರುತು. ಮಾಮೂಲಿ ನೆಗಡಿಯಲ್ಲಿ ಕಣ್ಣು ಮೂಗು ಇಷ್ಟು ತುರಿಸುವುದಿಲ್ಲ. ಡಾಕ್ಟರುಗಳು ಇದಕ್ಕೆ ಅಲರ್ಜಿಕ್ ರೈನೈಟಿಸ್ ಎನ್ನುತ್ತಾರೆ.

ಮೂಗನ್ನು ನಾವು ಎರಡು ತೂತಿನ ಕೊಳವೆ ಅಂದುಕೊಂಡಿದ್ದೇವೆ. ಅದು ದಿನಕ್ಕೆ ಸುಮಾರು 10,000 ಲೀಟರ್ ಗಾಳಿಯನ್ನು ಸೋಸಿ, ಬೆಚ್ಚಗೆ ಮಾಡಿ, ತೇವ ಕೊಟ್ಟು ಶ್ವಾಸಕೋಶಕ್ಕೆ ಇಳಿಸುವ ಯಂತ್ರ. ಈ ಕೆಲಸಕ್ಕೆ ಒಳಗೋಡೆಯ ಎರಡೂ ಬದಿ ಮಡಿಕೆ ಮಡಿಕೆಯಾದ ದಪ್ಪ ಅಂಚುಗಳಿವೆ. ಹೆಸರು ಟರ್ಬಿನೇಟ್. ಅವುಗಳ ತುಂಬ ರಕ್ತನಾಳ. ರಕ್ತ ತುಂಬಿಕೊಂಡರೆ ಅವು ಊದಿ ದಾರಿ ಕಟ್ಟುತ್ತವೆ, ಇಳಿದರೆ ದಾರಿ ತೆರೆಯುತ್ತದೆ. ಆರೋಗ್ಯವಂತರಲ್ಲೂ ಕೆಲವು ಗಂಟೆಗೊಮ್ಮೆ ಒಂದು ಹೊಳ್ಳೆ ಸ್ವಲ್ಪ ಊದಿ ಇನ್ನೊಂದು ಬಿಚ್ಚಿಕೊಳ್ಳುವ ಸರದಿ ನಡೆದೇ ಇರುತ್ತದೆ. "ನನಗೆ ಯಾವಾಗ್ಲೂ ಒಂದೇ ಕಡೆ ಕಟ್ಟುತ್ತೆ, ಆಮೇಲೆ ಆ ಕಡೆ ಹೋಗುತ್ತೆ" ಎಂದು ಗಾಬರಿಯಾಗುವವರು ಇದನ್ನು ತಿಳಿದರೆ ಅರ್ಧ ಸಮಾಧಾನ.

ಇನ್ನು ಅಲರ್ಜಿ. ಜೋಳದ ಧೂಳಿನಲ್ಲೋ ಗಿಡದ ಪರಾಗದಲ್ಲೋ ಅಲರ್ಜಿ ಎಬ್ಬಿಸುವ ಕಣ ತಾನಾಗಿ ವಿಷವೇನಲ್ಲ. ಆದರೆ ಕೆಲವರ ರೋಗನಿರೋಧಕ ವ್ಯವಸ್ಥೆ ಅದನ್ನು ಶತ್ರು ಎಂದು ಬರೆದಿಟ್ಟುಕೊಳ್ಳುತ್ತದೆ. ಹಾಗೆ ಬರೆದಿಡುವ ಪ್ರೋಟೀನಿಗೆ ಐಜಿಇ ಎಂದು ಹೆಸರು. 1960ರ ದಶಕದಲ್ಲಿ ಅಮೆರಿಕದಲ್ಲಿದ್ದ ಜಪಾನಿನ ಇಶಿಜಾಕಾ ದಂಪತಿ ಅದನ್ನು ಗುರುತಿಸಿದರು. ಈ ಐಜಿಇ ಮೂಗಿನ ಪೊರೆಯಲ್ಲಿರುವ ಮಾಸ್ಟ್ ಕೋಶಗಳ ಮೇಲೆ ಹೋಗಿ ಕೂರುತ್ತದೆ. ಮುಂದಿನ ಸಲ ಅದೇ ಧೂಳು ಬಂದು ತಾಗಿದಾಗ ಆ ಕೋಶಗಳು ಹಿಸ್ಟಮಿನ್ ಎಂಬ ರಾಸಾಯನಿಕ ಚೆಲ್ಲುತ್ತವೆ. ಸೀನು, ತುರಿಕೆ, ನೀರು ಎಲ್ಲ ಅದರದೇ ಕೆಲಸ, ಅದೂ ಕೆಲವೇ ನಿಮಿಷಗಳಲ್ಲಿ.

ಕಥೆ ಅಲ್ಲಿಗೆ ಮುಗಿದಿದ್ದರೆ ಒಂದು ಮಾತ್ರೆ ಸಾಕಾಗುತ್ತಿತ್ತು. ನಾಲ್ಕಾರು ಗಂಟೆ ಕಳೆದ ಮೇಲೆ ಎರಡನೇ ಅಲೆ ಬರುತ್ತದೆ. ಬೇರೆ ಬೇರೆ ಬಿಳಿ ರಕ್ತಕಣಗಳು ಬಂದು ಸೇರಿ ಪೊರೆಯನ್ನು ಉರಿಯೂತದಲ್ಲೇ ಇಡುತ್ತವೆ. ಹಗಲು ಯಾರ್ಡಿನಲ್ಲಿ ಸೀನಿದವನಿಗೆ ರಾತ್ರಿ ಮನೆಯಲ್ಲಿ ಮೂಗು ಕಟ್ಟುವುದು ಹೀಗೆ. ದಿನವೂ ಇದೇ ಆದರೆ ಪೊರೆ ಎಷ್ಟು ಕೆರಳಿರುತ್ತದೆಂದರೆ, ಮೊದಲು ಒಂದು ಬೊಗಸೆ ಧೂಳಿಗೆ ಬರುತ್ತಿದ್ದ ಸೀನು ಆಮೇಲೆ ಒಂದು ಚಿಟಿಕೆಗೇ ಬರುತ್ತದೆ. ಊದುಬತ್ತಿ, ಸೆಂಟು, ತಣ್ಣನೆ ಗಾಳಿ, ಏನು ತಾಗಿದರೂ ಸಾಕು. ಈ ಎರಡನೇ ಅಲೆಯನ್ನು ನೆನಪಿಟ್ಟುಕೊಳ್ಳಿ. ಔಷಧಿಯ ಲೆಕ್ಕವೆಲ್ಲ ಅದರ ಮೇಲೆ ನಿಂತಿದೆ.

ನಮ್ಮ ಕಡೆ ಇದನ್ನು ಕೆರಳಿಸುವುದು ಏನೇನು? ಸುಗ್ಗಿಯ ಧೂಳು ಕಣ್ಣಿಗೆ ಕಾಣುತ್ತದೆ, ಹಾಗಾಗಿ ಬೈಗುಳವೆಲ್ಲ ಅದಕ್ಕೇ. ಅದರಲ್ಲಿ ಕಾಳಿನ ಹೊಟ್ಟು, ಸುಂಕು, ಬೂಷ್ಟಿನ ಬೀಜಕಣ, ಹುಳುಗಳ ಚೂರು ಎಲ್ಲ ಬೆರೆತಿರುತ್ತವೆ. ಮಳೆ ನಿಂತ ಮೇಲೆ ಖಾಲಿ ಸೈಟುಗಳಲ್ಲಿ ಎದೆಯೆತ್ತರ ನಿಂತು ಬಿಳಿ ಹೂ ಬಿಡುವ ಪಾರ್ಥೇನಿಯಂ ಇನ್ನೊಂದು. ನಮ್ಮ ಜನ ಕಾಂಗ್ರೆಸ್ ಗಿಡ ಅನ್ನುವುದು ಅದಕ್ಕೇ. 1950ರ ದಶಕದಲ್ಲಿ ಪುಣೆಯಲ್ಲಿ ಕಾಣಿಸಿಕೊಂಡ ಈ ಅಮೆರಿಕದ ಗಿಡ ಈಗ ಯಾವ ಊರಿನ ಹಿತ್ತಲನ್ನೂ ಬಿಟ್ಟಿಲ್ಲ. ಅದರ ಪರಾಗ ಚರ್ಮಕ್ಕೂ ಆಗದು, ಮೂಗಿಗೂ ಆಗದು. ಚಿತ್ರದುರ್ಗದ ಕಡೆಯಾದರೆ ಜೋಗಿಮಟ್ಟಿಯ ಮೇಲೆ ಆ ದೊಡ್ಡ ಫ್ಯಾನುಗಳನ್ನು ತಿರುಗಿಸುವ ಗಾಳಿಯೇ ಇದನ್ನೆಲ್ಲ ಹೊತ್ತು ತರುತ್ತದೆ.

ಆದರೆ ವರ್ಷವಿಡೀ ಮೂಗು ಸುರಿಯುವವರ ಶತ್ರು ಹೆಚ್ಚಾಗಿ ಕಣ್ಣಿಗೆ ಕಾಣುವುದಿಲ್ಲ. ಅದು ಹಾಸಿಗೆಯೊಳಗಿನ ಧೂಳುಹುಳು. ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟು ತಿಂದು ದಿಂಬು, ಗಾದಿ, ಕೌದಿಗಳಲ್ಲಿ ಬದುಕುತ್ತದೆ. ಕಚ್ಚುವುದಿಲ್ಲ. ಅದರ ಹಿಕ್ಕೆಯೇ ಅಲರ್ಜಿಗೆ ಮೂಲ. ಬೆಳಿಗ್ಗೆ ಏಳುತ್ತಲೇ ಸೀನು ಬರುವವರು ಮೊದಲು ಅನುಮಾನಿಸಬೇಕಾದ್ದು ರಸ್ತೆಯನ್ನಲ್ಲ, ತಲೆದಿಂಬನ್ನು. ನಮ್ಮಪ್ಪ ಇಲ್ಲಿನ ಹತ್ತಿ ಮಿಲ್ಲಿನಲ್ಲಿದ್ದವರು. ಸೀನಿದಾಗೆಲ್ಲ ಹತ್ತಿಯ ಧೂಳಿಗೆ ಬೈಯುತ್ತಿದ್ದರು. ಮಿಲ್ಲು ಬಾಗಿಲು ಹಾಕಿತು, ಸೀನು ನಿಲ್ಲಲಿಲ್ಲ. ಇಪ್ಪತ್ತು ವರ್ಷದ ಅದೇ ಹತ್ತಿ ಗಾದಿಯ ಮೇಲೆ ಮಲಗುತ್ತಿದ್ದರು ಎನ್ನುವುದು ಯಾರಿಗೂ ಹೊಳೆಯಲಿಲ್ಲ. ಈ ಗುಣ ಮನೆತನದಲ್ಲಿ ಇಳಿದು ಬರುತ್ತದೆ, ನನಗೂ ಬಂದಿದೆ.

ಮಹಾನವಮಿಗೆ ಮುಂಚೆ ಮನೆಯ ಕೌದಿ, ಕಂಬಳಿಗಳನ್ನೆಲ್ಲ ಗಾಡಿಗೆ ಹೇರಿ ಭದ್ರಾ ಚಾನಲ್ಲಿಗೆ ಒಯ್ದು ಬಡಿದು ತೊಳೆದು ಬಿಸಿಲಿಗೆ ಹಾಕುವ ಪದ್ಧತಿ ಧೂಳುಹುಳುವಿಗೆ ಒಳ್ಳೆಯ ಪೆಟ್ಟೇ. ತೊಂದರೆಯೆಂದರೆ ಅದು ವರ್ಷಕ್ಕೊಮ್ಮೆ. ದಿಂಬಿನ ಚೀಲ, ಹೊದಿಕೆಗಳನ್ನು ವಾರಕ್ಕೊಮ್ಮೆ 60 ಡಿಗ್ರಿ ಬಿಸಿನೀರಲ್ಲಿ ತೊಳೆದರೆ ಹುಳು ಸಾಯುತ್ತವೆ. ಇನ್ನು ಅಟ್ಟದ ಧೂಳು ಹೊಡೆಯುವ ಕೆಲಸವನ್ನು ಮನೆಯಲ್ಲಿ ಅಲರ್ಜಿ ಇಲ್ಲದವರು ಮಾಡಲಿ. ಬೇರೆ ದಾರಿಯಿಲ್ಲದಿದ್ದರೆ ಮಾಸ್ಕು ಹಾಕಿಕೊಂಡು, ಒಣ ಪೊರಕೆಯ ಬದಲು ಒದ್ದೆ ಬಟ್ಟೆಯಲ್ಲಿ.

ಎಲ್ಲ ಸೀನೂ ಅಲರ್ಜಿಯಲ್ಲ ಎಂಬುದನ್ನೂ ಹೇಳಬೇಕು. ಒಣಮೆಣಸಿನಕಾಯಿ ಒಗ್ಗರಣೆಯ ಘಾಟು, ಮಂಡಕ್ಕಿ ಭಟ್ಟಿಯ ಹೊಗೆ, ಬಣ್ಣದ ವಾಸನೆ ಇವು ಐಜಿಇಯ ಗೊಡವೆಯೇ ಇಲ್ಲದೆ ಪೊರೆಯನ್ನು ನೇರವಾಗಿ ಕೆರಳಿಸುತ್ತವೆ. ಬಸುರಿಯರಿಗೆ ಹಾರ್ಮೋನಿನಿಂದಲೂ ಮೂಗು ಕಟ್ಟುತ್ತದೆ. ಕೆಲವು ಬಿಪಿ ಮಾತ್ರೆಗಳಿಂದಲೂ ಕಟ್ಟುವುದುಂಟು. ಹೊರಗಿನಿಂದ ಎಲ್ಲವೂ ಒಂದೇ ಥರ ಕಾಣುತ್ತವೆ, ಔಷಧಿ ಮಾತ್ರ ಬೇರೆ ಬೇರೆ. ಅದಕ್ಕೇ ಒಮ್ಮೆಯಾದರೂ ಡಾಕ್ಟರು ಮೂಗಿನೊಳಗೆ ಬೆಳಕು ಹಾಕಿ ನೋಡಬೇಕು ಅನ್ನುವುದು.

ಈಗ ಆ ಡ್ರಾಪ್ಸಿನ ವಿಷಯ. ಇದನ್ನು ಹೇಳಲು ನನಗೆ ಸ್ವಲ್ಪ ನಾಚಿಕೆ. ಔಷಧಿ ಮಾರುವ ನಾನೇ ಎರಡು ವರ್ಷ ಈ ಬಲೆಯಲ್ಲಿದ್ದೆ.

ಕ್ಸೈಲೋಮೆಟಾಜೋಲಿನ್, ಆಕ್ಸಿಮೆಟಾಜೋಲಿನ್ ಎಂಬ ಹನಿಗಳು ಊದಿದ ರಕ್ತನಾಳವನ್ನು ಹಿಂಡಿಬಿಡುತ್ತವೆ. ಎರಡು ಹನಿ ಬಿದ್ದರೆ ಐದು ನಿಮಿಷದಲ್ಲಿ ಮೂಗು ಸಲೀಸು. ಅಂಥ ಸುಖ ಇನ್ನೊಂದಿಲ್ಲ. ಮೂರು ದಿನಕ್ಕಿಂತ, ಹೆಚ್ಚೆಂದರೆ ಐದು ದಿನಕ್ಕಿಂತ ಜಾಸ್ತಿ ಹಾಕಬಾರದು ಎಂದು ಡಬ್ಬಿಯ ಮೇಲೆ ಇರುವೆ ಸಾಲಿನಂಥ ಅಕ್ಷರದಲ್ಲಿ ಬರೆದಿರುತ್ತಾರೆ. ಯಾಕೆಂದರೆ ದಿನವೂ ಹಿಂಡಿಸಿಕೊಂಡ ರಕ್ತನಾಳ ಹನಿಯ ಶಕ್ತಿ ಇಳಿದ ಕೂಡಲೇ ಮೊದಲಿಗಿಂತ ಹೆಚ್ಚು ಊದುತ್ತದೆ. ಮತ್ತೆ ಹನಿ, ಮತ್ತೆ ಊತ. ಎಂಟು ಗಂಟೆ ಇರುತ್ತಿದ್ದ ಪರಿಣಾಮ ನಾಲ್ಕು ಗಂಟೆಗೆ, ಎರಡು ಗಂಟೆಗೆ ಇಳಿಯುತ್ತದೆ. ಮೂಲ ಅಲರ್ಜಿ ಒಂದು ಕಡೆಯಾದರೆ, ಔಷಧಿಯೇ ತಂದಿಟ್ಟ ಇನ್ನೊಂದು ಕಾಯಿಲೆ ಅದರ ಮೇಲೆ. ನಾನು ರಾತ್ರಿ ದಿಂಬಿನಡಿ ಬಾಟಲಿ ಇಟ್ಟು ಮಲಗುತ್ತಿದ್ದೆ. ಒಮ್ಮೆ ಕೊಟ್ಟೂರಿಗೆ ತೇರಿಗೆ ಹೋದಾಗ ಬಾಟಲಿ ಮರೆತು, ಜನಜಂಗುಳಿಯಲ್ಲಿ ಮೆಡಿಕಲ್ ಶಾಪು ಹುಡುಕುತ್ತ ಅಲೆದೆ. ಆವತ್ತು ಅರ್ಥವಾಯಿತು, ಇದು ಬೀಡಿ ಚಟಕ್ಕಿಂತ ಬೇರೆಯಲ್ಲ ಅಂತ. ಬಿಡಿಸಿಕೊಂಡದ್ದು ಡಾಕ್ಟರು ಹೇಳಿದಂತೆ: ಜೊತೆಗೆ ಉರಿಯೂತ ಇಳಿಸುವ ಸ್ಟಿರಾಯ್ಡ್ ಸ್ಪ್ರೇ ಶುರು ಮಾಡಿ, ಮೊದಲು ಒಂದು ಹೊಳ್ಳೆಗೆ ಹನಿ ನಿಲ್ಲಿಸಿ, ಅದು ಬಿಚ್ಚಿಕೊಂಡ ಮೇಲೆ ಇನ್ನೊಂದಕ್ಕೆ. ಮೊದಲ ವಾರದ ರಾತ್ರಿಗಳು ಬಹಳ ಕಷ್ಟ.

ಮಾತ್ರೆಗಳದು ಇನ್ನೊಂದು ಥರ. ಹಿಸ್ಟಮಿನ್ ತಡೆಯುವ ಮಾತ್ರೆ ಸೀನು, ತುರಿಕೆ, ನೀರಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಮೂಗು ಕಟ್ಟುವುದಕ್ಕೆ ಅಷ್ಟಕ್ಕಷ್ಟೇ, ಯಾಕೆಂದರೆ ಕಟ್ಟುವುದು ಬಹುಪಾಲು ಎರಡನೇ ಅಲೆಯ ಕೆಲಸ. ಹಳೆಯ ಕಾಲದ ಕ್ಲೋರ್ಫೆನಿರಮಿನ್ ಮಿದುಳಿಗೂ ಇಳಿದು ನಿದ್ದೆ ಬರಿಸುತ್ತದೆ. ಅದನ್ನು ನುಂಗಿ ಟ್ರ್ಯಾಕ್ಟರು, ಲಾರಿ ಓಡಿಸುವವರನ್ನು, ಒಕ್ಕಣೆ ಯಂತ್ರಕ್ಕೆ ಕೈ ಕೊಡುವವರನ್ನು ನೋಡಿದರೆ ನನಗೆ ಜೀವ ಹಾರುತ್ತದೆ. ಫೆಕ್ಸೋಫೆನಡಿನ್, ಲೋರಟಡಿನ್‌ನಂಥ ಹೊಸವು ತೂಕಡಿಕೆ ತರುವುದು ಕಡಿಮೆ. ಸೆಟ್ರಿಜಿನ್ ಕೆಲವರಿಗೆ ತೂಕಡಿಕೆ ತರುತ್ತದೆ. ಫೆಕ್ಸೋಫೆನಡಿನ್ನನ್ನು ಹಣ್ಣಿನ ರಸದ ಜೊತೆ ನುಂಗಿದರೆ ಅಷ್ಟಾಗಿ ಮೈಗೆ ಹತ್ತುವುದಿಲ್ಲ, ನೀರಿನಲ್ಲೇ ತೆಗೆದುಕೊಳ್ಳಬೇಕು.

ನೆಗಡಿ ಮಾತ್ರೆ ಅಂತ ನಾಲ್ಕು ಔಷಧಿ ಬೆರೆಸಿದ ಸ್ಟ್ರಿಪ್ಪುಗಳ ಮೇಲೆ ನನಗೆ ಗೌರವ ಕಡಿಮೆ. ಅವುಗಳಲ್ಲಿ ಹೆಚ್ಚಿನವಕ್ಕೆ ಪ್ಯಾರಸಿಟಮಾಲ್ ಸೇರಿರುತ್ತದೆ, ಅಲರ್ಜಿಗೆ ಅದು ದಂಡ. ಮೂಗು ಬಿಚ್ಚಲೆಂದು ಹಾಕುವ ಫಿನೈಲೆಫ್ರಿನ್ ಬಾಯಿಂದ ನುಂಗಿದರೆ ಪ್ರಯೋಜನವಿಲ್ಲ ಎಂದು 2023ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ತಜ್ಞರ ಸಮಿತಿಯೇ ಹೇಳಿತು. ಅದೇ ವರ್ಷದ ಡಿಸೆಂಬರಿನಲ್ಲಿ ನಮ್ಮ ದೇಶದ ಔಷಧ ನಿಯಂತ್ರಕರು ಕ್ಲೋರ್ಫೆನಿರಮಿನ್ ಮತ್ತು ಫಿನೈಲೆಫ್ರಿನ್ ಬೆರೆಸಿದ ಔಷಧಿಯನ್ನು 4 ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ಲೇಬಲ್ಲಿನ ಮೇಲೆ ಬರೆಯಲು ಸೂಚಿಸಿದರು. ಹಾಗಿದ್ದೂ "ಮಗೀಗೆ ನೆಗಡಿ ಸಿರಪ್ ಕೊಡ್ರಿ, ಹೋದ ಸಲ ಕೊಟ್ಟಿದ್ರಲ್ಲ ಅದೇ" ಎಂದು ಬರುವ ಅಮ್ಮಂದಿರಿಗೆ ಇಲ್ಲ ಅನ್ನುವುದು ಸುಲಭವಲ್ಲ. ಅಲರ್ಜಿ, ಆಸ್ತಮಾಗೆ ಕೊಡುವ ಮಾಂಟೆಲುಕಾಸ್ಟ್ ಸೇರಿದ ಮಾತ್ರೆಯನ್ನೂ ಹಳೇ ಚೀಟಿ ತೋರಿಸಿ ತಿಂಗಳುಗಟ್ಟಲೆ ನುಂಗುವವರಿದ್ದಾರೆ. ಅದು ಕೆಲವರಲ್ಲಿ ಕೆಟ್ಟ ಕನಸು, ಸಿಡುಕು, ಖಿನ್ನತೆ ತರಬಹುದೆಂದು 2020ರಲ್ಲಿ ಅಮೆರಿಕದಲ್ಲಿ ದಪ್ಪಕ್ಷರದ ಎಚ್ಚರಿಕೆ ಹಾಕಿಸಿದರು. ಮಗು ಇದ್ದಕ್ಕಿದ್ದಂತೆ ರಾತ್ರಿ ಬೆಚ್ಚಿ ಅಳತೊಡಗಿದರೆ ಡಾಕ್ಟರಿಗೆ ಈ ಮಾತ್ರೆಯ ಸುದ್ದಿಯನ್ನೂ ಹೇಳಿ.

"ಒಂದು ಇಂಜೆಕ್ಷನ್ ಹಾಕಿಸಿಕೊಂಡರೆ ಸುಗ್ಗಿ ಪೂರ್ತಿ ತಕರಾರಿಲ್ಲ" ಎಂಬ ಮಾತೂ ಹಳ್ಳಿಗಳಲ್ಲಿ ಓಡಾಡುತ್ತದೆ. ಅದು ನಿಧಾನವಾಗಿ ಕರಗುವ ಸ್ಟಿರಾಯ್ಡ್. ತಕರಾರಿಲ್ಲ ಎನ್ನುವುದು ಮೂಗಿನ ಮಟ್ಟಿಗೆ ನಿಜ. ಆದರೆ ಅದು ಮೈಯೆಲ್ಲ ಹರಡಿ ವಾರಗಟ್ಟಲೆ ಕೂರುತ್ತದೆ, ಸಕ್ಕರೆ ಕಾಯಿಲೆಯವರ ಶುಗರ್ ಏರಿಸುತ್ತದೆ, ಪದೇ ಪದೇ ಹಾಕಿಸಿಕೊಂಡರೆ ಮೂಳೆ ಸವೆಸುತ್ತದೆ, ದೇಹ ತಾನೇ ಮಾಡಿಕೊಳ್ಳುವ ಸ್ಟಿರಾಯ್ಡನ್ನು ನಿಲ್ಲಿಸುತ್ತದೆ. ನೆಗಡಿ ಅಂತ ಮೂಗು ಕೊಯ್ದುಕೊಂಡರು ಅನ್ನುವ ಗಾದೆ ಇದಕ್ಕೇ ಹುಟ್ಟಿದ್ದೇನೋ.

ತಮಾಷೆಯೆಂದರೆ, ಈ ಇಂಜೆಕ್ಷನ್ನಿಗೆ ತೋಳು ಮಡಚಿ ನಿಲ್ಲುವ ಜನವೇ ಮೂಗಿನ ಸ್ಪ್ರೇ ಕೊಟ್ಟರೆ "ಅಯ್ಯೋ ಸ್ಟಿರಾಯ್ಡು, ಬ್ಯಾಡ್ರಿ" ಎಂದು ಹಿಂದೆ ಸರಿಯುತ್ತಾರೆ. ಫ್ಲುಟಿಕಸೋನ್ ಸ್ಪ್ರೇಯ ಒಂದು ಒತ್ತಿಗೆ ಬರುವುದು 50 ಮೈಕ್ರೋಗ್ರಾಂ, ಅಂದರೆ ಒಂದು ಮಿಲಿಗ್ರಾಮಿನ ಇಪ್ಪತ್ತನೇ ಒಂದು ಭಾಗ. ಅದರಲ್ಲಿ ರಕ್ತಕ್ಕೆ ಸೇರುವುದು ನೂರಕ್ಕೆ 2ಕ್ಕಿಂತ ಕಡಿಮೆ. ಮೂಗಿಗೆ ಹೋಗಿ ಮೂಗಿನಲ್ಲೇ ಕೆಲಸ ಮುಗಿಸುತ್ತದೆ. ಎರಡನೇ ಅಲೆಯನ್ನು ಬುಡದಲ್ಲೇ ತಡೆಯುವ ಔಷಧಿ ಇದು. ನಿತ್ಯ ಕಾಡುವ ಮೂಗಿನ ಅಲರ್ಜಿಗೆ ಇದಕ್ಕಿಂತ ಚೆನ್ನಾಗಿ ಕೆಲಸ ಮಾಡುವ ಔಷಧಿ ನಮ್ಮ ಕಪಾಟಿನಲ್ಲಿ ಇನ್ನೊಂದಿಲ್ಲ.

ಹಾಗಾದರೆ ಜನ ಯಾಕೆ ಬಿಸಾಡುತ್ತಾರೆ? ಅದು ಐದು ನಿಮಿಷದಲ್ಲಿ ಏನೂ ಮಾಡುವುದಿಲ್ಲ, ಅದಕ್ಕೇ. ಪೂರ್ತಿ ಗುಣ ಕಾಣಲು ಒಂದೆರಡು ವಾರ ದಿನವೂ ಹಾಕಬೇಕು. ಹನಿಯ ಸುಖ ಕಂಡವನಿಗೆ ಎರಡನೇ ದಿನಕ್ಕೇ ಬೇಸರ. "ಮುನ್ನೂರು ರೂಪಾಯಿ ನೀರಿಗೆ ಹಾಕಿದೆ ಅಣ್ಣಾ, ಏನೂ ಆಗ್ಲಿಲ್ಲ" ಎಂದು ವಾಪಸ್ಸು ಮಾಡಲು ಬರುತ್ತಾನೆ. ಐದೇ ನಿಮಿಷದಲ್ಲಿ ಮೂಗು ಬಿಚ್ಚುವ ಔಷಧಿ ಬೇರುಬಿಡುತ್ತದೆ, ಹದಿನೈದು ದಿನ ತೆಗೆದುಕೊಳ್ಳುವ ಔಷಧಿ ಕಸದ ಬುಟ್ಟಿ ಸೇರುತ್ತದೆ. ಈ ಕಾಯಿಲೆಯ ದುಃಖವೆಲ್ಲ ಇಷ್ಟರಲ್ಲೇ ಇದೆ.

ಹಾಕುವ ರೀತಿಯೂ ತಪ್ಪು. ಆಕಾಶ ನೋಡುತ್ತ ತಲೆ ಹಿಂದಕ್ಕೆ ಮಾಡಿ, ಸ್ಪ್ರೇ ಒತ್ತಿ, ಜೋರಾಗಿ ಎಳೆದರೆ ಔಷಧಿ ಗಂಟಲಿಗಿಳಿದು ಕಹಿಯಾಗುತ್ತದೆ, ಮೂಗಿಗೆ ಏನೂ ಉಳಿಯುವುದಿಲ್ಲ. ಮೊದಲು ಮೂಗಿನ ಸಿಂಬಳ ತೆಗೆದುಕೊಳ್ಳಿ. ಬಾಟಲಿ ಅಲ್ಲಾಡಿಸಿ. ಹೊಸದಾದರೆ ಮಂಜಿನಂತೆ ಬರುವ ತನಕ ಗಾಳಿಯಲ್ಲಿ ನಾಲ್ಕಾರು ಸಲ ಒತ್ತಿ. ತಲೆ ಸ್ವಲ್ಪ ಮುಂದಕ್ಕೆ ಬಾಗಲಿ. ಬಲಗೈಯಿಂದ ಎಡ ಹೊಳ್ಳೆಗೆ, ಎಡಗೈಯಿಂದ ಬಲ ಹೊಳ್ಳೆಗೆ ಹಾಕಿದರೆ ತುದಿ ತಾನಾಗಿ ಹೊರಗೋಡೆಯ ಕಡೆ, ಕಣ್ಣಿನ ಅಂಚಿನತ್ತ ತಿರುಗುತ್ತದೆ. ನಡುಗೋಡೆಗೆ ಹೊಡೆದರೆ ಪೊರೆ ಒಣಗಿ ರಕ್ತ ಬರುತ್ತದೆ. ಎಳೆಯುವುದು ಹೂವಿನ ಪರಿಮಳ ಮೂಸಿದಷ್ಟು ಮೆಲ್ಲಗೆ. ಇಷ್ಟನ್ನು ಕೌಂಟರಿನಲ್ಲಿ ಅಭಿನಯಿಸಿ ತೋರಿಸಿದರೆ ಹಿಂದೆ ನಿಂತವರು ನಗುತ್ತಾರೆ, ನಗಲಿ.

ಸ್ಪ್ರೇಗೆ ಮುಂಚೆ ಉಪ್ಪುನೀರಿನಿಂದ ಮೂಗು ತೊಳೆದರೆ ಇನ್ನೂ ಒಳ್ಳೆಯದು. ಯೋಗದವರ ಜಲನೇತಿ ಇದೇ. ಒಂದು ದೊಡ್ಡ ಲೋಟ, ಅಂದರೆ ಸುಮಾರು 240 ಮಿಲಿಲೀಟರ್ ನೀರಿಗೆ ಅರ್ಧ ಟೀ ಚಮಚ ಉಪ್ಪು, ಚಿಟಿಕೆ ಅಡುಗೆ ಸೋಡ. ನೀರು ಕುದಿಸಿ ಆರಿಸಿದ್ದೇ ಆಗಬೇಕು. ನಲ್ಲಿ, ಬೋರು, ಕೆರೆಯ ನೀರು ಹಾಗೇ ಹಾಕಬೇಡಿ. ಮೂಗಿನ ಮೂಲಕ ಮಿದುಳಿಗೆ ಏರಿ ಜೀವ ತೆಗೆಯುವ ಅಮೀಬಾ ಅಪರೂಪಕ್ಕಾದರೂ ಅಂಥ ನೀರಲ್ಲಿ ಇರುತ್ತದೆ.

ಮೂಗನ್ನು ಹಾಗೇ ಬಿಟ್ಟರೆ ಏನಾಗುತ್ತದೆ ಎಂದು ಕೇಳುವವರಿಗೆ ಮಕ್ಕಳನ್ನು ತೋರಿಸುತ್ತೇನೆ. ಅಂಗೈಯಿಂದ ಮೂಗನ್ನು ಮೇಲಕ್ಕೆ ಉಜ್ಜಿ ಉಜ್ಜಿ ಮೂಗಿನ ಮೇಲೆ ಅಡ್ಡಗೆರೆ ಬಿದ್ದಿರುತ್ತದೆ, ಕಣ್ಣಿನ ಕೆಳಗೆ ಕಪ್ಪು. ಬಾಯಿ ತೆರೆದು ಮಲಗಿ ಸರಿಯಾಗಿ ನಿದ್ದೆಯಿಲ್ಲದೆ ಶಾಲೆಯಲ್ಲಿ ತೂಕಡಿಸುತ್ತಾರೆ. ಕಿವಿಯ ಪರದೆಯ ಹಿಂದೆ ನೀರು ಕಟ್ಟಿ ಕಿವಿ ಮಂದವಾದರೆ "ಹೇಳಿದ ಮಾತು ಕೇಳಲ್ಲ" ಎಂದು ಏಟು ಬೇರೆ. ಮೂಗು ಮತ್ತು ಶ್ವಾಸಕೋಶ ಒಂದೇ ದಾರಿಯ ಎರಡು ತುದಿ. ಆಸ್ತಮಾ ಇರುವ ಬಹುಪಾಲು ಜನರಿಗೆ ಮೂಗಿನ ಅಲರ್ಜಿಯೂ ಇರುತ್ತದೆ. ಮೂಗು ಹದ್ದುಬಸ್ತಿಗೆ ಬರದೆ ಆಸ್ತಮಾ ಹದ್ದುಬಸ್ತಿಗೆ ಬರುವುದು ಕಷ್ಟ. ರಾತ್ರಿ ಕೆಮ್ಮು, ಮೆಟ್ಟಿಲು ಹತ್ತಿದರೆ ಉಬ್ಬಸ, ಎದೆಯಲ್ಲಿ ಸುಂಯ್ ಎನ್ನುವ ಸದ್ದು ಇದ್ದರೆ ಅದನ್ನು ಡಾಕ್ಟರಿಗೆ ಹೇಳಲೇಬೇಕು.

"ಮೂಗಿನಾಗ ದುರ್ಮಾಂಸ ಬೆಳದೈತಂತೆ, ಆಪರೇಷನ್ ಅಂತೆ" ಎಂದು ಅಳುಮೋರೆ ಹಾಕಿಕೊಂಡು ಬರುವವರೂ ಇದ್ದಾರೆ. ಎಷ್ಟೋ ಸಲ ಅದು ಊದಿದ ಟರ್ಬಿನೇಟೇ. ನಿಜವಾದ ದುರ್ಮಾಂಸ, ಅಂದರೆ ಪಾಲಿಪ್, ಆಗಿದ್ದರೂ ಮೊದಲ ಔಷಧಿ ಸ್ಪ್ರೇಯೇ. ಕೊಯ್ದು ತೆಗೆದರೂ ಸ್ಪ್ರೇ ಬಿಟ್ಟರೆ ಮತ್ತೆ ಬೆಳೆಯಬಹುದು. ಅದನ್ನು ಸುಟ್ಟು ತೆಗೆಯುತ್ತೇವೆ ಎನ್ನುವ ನಾಟಿ ಕೈಗಳಿಗೆ ಮಾತ್ರ ಮೂಗು ಕೊಡಬೇಡಿ.

ಕೆಲವು ಲಕ್ಷಣಗಳಿಗೆ ನಾನು ಮಾತ್ರೆ ಕೊಡದೆ ನೇರ ಆಸ್ಪತ್ರೆಗೆ ಕಳಿಸುತ್ತೇನೆ. ಮಗುವಿನ ಒಂದೇ ಹೊಳ್ಳೆಯಿಂದ ಕೆಟ್ಟ ವಾಸನೆಯ ಸಿಂಬಳ ಬರುತ್ತಿದ್ದರೆ ಒಳಗೆ ಮೆಕ್ಕೆಜೋಳದ ಕಾಳೋ ಶೇಂಗಾ ಬೀಜವೋ ಇರಬಹುದು. ನಮ್ಮ ಜಿಲ್ಲೆಯಲ್ಲಿ ಆಟಕ್ಕೆ ಸಿಗುವುದೇ ಅವು. ಮನೆಯಲ್ಲಿ ಪಿನ್ನು ಹಾಕಿ ತೆಗೆಯಲು ಹೋದರೆ ಇನ್ನೂ ಒಳಗೆ ಹೋಗುತ್ತದೆ. ದೊಡ್ಡವರಲ್ಲಿ ಒಂದೇ ಕಡೆ ಸದಾ ಕಟ್ಟುವುದು, ಒಂದೇ ಕಡೆ ಪದೇ ಪದೇ ರಕ್ತ, ತಲೆಗೆ ಪೆಟ್ಟು ಬಿದ್ದ ಮೇಲೆ ಒಂದೇ ಹೊಳ್ಳೆಯಿಂದ ತಿಳಿನೀರು, ಕಣ್ಣಿನ ಸುತ್ತ ಊತದ ಜೊತೆ ಜ್ವರ. ಇವ್ಯಾವೂ ಅಲರ್ಜಿಯ ಲಕ್ಷಣವಲ್ಲ.

ಅಲರ್ಜಿ ಯಾವುದರಿಂದ ಎಂದು ತಿಳಿಯಲು ಚರ್ಮದ ಪರೀಕ್ಷೆ ಇದೆ. ಮುಂಗೈಗೆ ಬೇರೆ ಬೇರೆ ದ್ರವದ ಹನಿ ಇಟ್ಟು ಮೆಲ್ಲಗೆ ಚುಚ್ಚುತ್ತಾರೆ, ಕಾಲು ಗಂಟೆ ಇಪ್ಪತ್ತು ನಿಮಿಷದಲ್ಲಿ ದದ್ದು ಎದ್ದದ್ದು ನಿಮ್ಮ ಶತ್ರು. ಅಲರ್ಜಿ ಮಾತ್ರೆಯನ್ನು ಡಾಕ್ಟರು ಹೇಳಿದಷ್ಟು ದಿನ ಮುಂಚೆ ನಿಲ್ಲಿಸಿರಬೇಕು, ಇಲ್ಲವಾದರೆ ದದ್ದೇ ಏಳದು. ರಕ್ತದಲ್ಲಿ ಒಟ್ಟು ಐಜಿಇ ಜಾಸ್ತಿ ಇದೆ ಎಂಬ ಒಂದು ಸಾಲಿನ ರಿಪೋರ್ಟಿನಿಂದ ಏನೂ ತೀರ್ಮಾನವಾಗದು, ಹೊಟ್ಟೆಹುಳುವಿದ್ದರೂ ಅದು ಏರುತ್ತದೆ. ಸ್ಪ್ರೇ, ಮಾತ್ರೆ ಎರಡಕ್ಕೂ ಬಗ್ಗದವರಿಗೆ ಅದೇ ಅಲರ್ಜಿಕಾರಕವನ್ನು ಸಣ್ಣ ಸಣ್ಣ ಪ್ರಮಾಣದಲ್ಲಿ ಕೊಟ್ಟು ದೇಹವನ್ನು ಒಗ್ಗಿಸುವ ಚಿಕಿತ್ಸೆ ಇದೆ. 1911ರಲ್ಲಿ ಲಂಡನ್ನಿನಲ್ಲಿ ಲಿಯೊನಾರ್ಡ್ ನೂನ್ ಹುಲ್ಲಿನ ಪರಾಗದಿಂದ ಶುರು ಮಾಡಿದ್ದು. ಮೂರು ವರ್ಷವಾದರೂ ಹಿಡಿಯುತ್ತದೆ. ಚುಚ್ಚಿಸಿಕೊಂಡ ಮೇಲೆ ಅರ್ಧ ಗಂಟೆ ಅಲ್ಲೇ ಕೂರಬೇಕು, ಅಪರೂಪಕ್ಕೆ ತೀವ್ರ ಅಲರ್ಜಿ ಆಗುವುದುಂಟು.

ವಾರಕ್ಕೆ ನಾಲ್ಕು ದಿನಕ್ಕಿಂತ ಹೆಚ್ಚು, ತಿಂಗಳು ದಾಟಿ ಮೂಗು ಕಾಡುತ್ತಿದ್ದರೆ, ನಿದ್ದೆಯೋ ಕೆಲಸವೋ ಕೆಟ್ಟಿದ್ದರೆ ಕಿವಿ ಮೂಗು ಗಂಟಲು ಡಾಕ್ಟರ ಹತ್ತಿರ ಹೋಗಿ. ಊರಲ್ಲಿ ಎರಡು ಮೆಡಿಕಲ್ ಕಾಲೇಜಿವೆ, ಚಿಗಟೇರಿ ಜಿಲ್ಲಾ ಆಸ್ಪತ್ರೆ ಇದೆ. ಹೋಗುವಾಗ ಇಷ್ಟು ದಿನ ನುಂಗಿದ ಮಾತ್ರೆಗಳ ಖಾಲಿ ಸ್ಟ್ರಿಪ್ಪು, ಡ್ರಾಪ್ಸಿನ ಬಾಟಲಿ ಎಲ್ಲ ಒಂದು ಕವರಿನಲ್ಲಿ ಹಾಕಿಕೊಂಡು ಹೋಗಿ. ಡ್ರಾಪ್ಸು ಎಷ್ಟು ತಿಂಗಳಿಂದ ಎಂದು ಕೇಳಿದಾಗ ನಾನು "ಒಂದು ವಾರ" ಅಂದಿದ್ದೆ. ಡಾಕ್ಟರು ಮೂಗಿನೊಳಗೆ ಬೆಳಕು ಹಾಕಿ ನೋಡಿ, ಏನೂ ಅನ್ನದೆ, ಚೀಟಿಯಲ್ಲಿ "ಎರಡು ವರ್ಷ?" ಎಂದು ಬರೆದು ನನ್ನ ಮುಖ ನೋಡಿದರು.